ಕಾಲುಸಂಕಕ್ಕೆ ತಲೆ ಎಣಿಸಬೇಡಿ

ಮಲೆನಾಡಿನ ಗ್ರಾಮಸಭೆಯೊಂದರಲ್ಲಿ ಈ ವಾರ ಒಂದು ಕಾಲುಸಂಕದ ಅರ್ಜಿ ಬಿದ್ದುಹೋಯಿತು. ಹಳ್ಳದಾಚೆ ಇರುವುದು ಆರು ಮನೆ, ಫಲಾನುಭವಿಗಳ ಸಂಖ್ಯೆ ಸಾಲದು ಎಂದರು. ಮುಂದಿನ ವಿಷಯ ಒಣಕಸದ ಘಟಕ. ಅದಕ್ಕೆ ಹಣವಿತ್ತು. ನನಗೆ ಇನ್ನೂ ಸಿಟ್ಟು ಇಳಿದಿಲ್ಲ.

ಆ ಮನೆಗಳ ಮಕ್ಕಳು ಆಷಾಢದ ಮಳೆಯಲ್ಲಿ ಅಡಿಕೆ ದಬ್ಬೆಯ ಮೇಲೆ ಕಾಲಿಟ್ಟು ಶಾಲೆಗೆ ಹೋಗುತ್ತಾರೆ. 2022ರಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಇಂಥ ಸಂಕದಿಂದಲೇ ಜಾರಿ ಹಳ್ಳದ ಪಾಲಾದಳು. ಆಗ ಮರುಗದವರಿರಲಿಲ್ಲ.

ಹಣ ಬರುವ ದಾರಿ ನೋಡಿ. 15ನೇ ಹಣಕಾಸು ಆಯೋಗ ಗ್ರಾಮೀಣ ಸ್ಥಳೀಯ ಸಂಸ್ಥೆಗಳ ಅನುದಾನವನ್ನು ರಾಜ್ಯಗಳಿಗೆ ಹಂಚುವಾಗ ಜನಸಂಖ್ಯೆಗೆ ಶೇ 90ರ ತೂಕ ಕೊಟ್ಟಿತು, ವಿಸ್ತೀರ್ಣಕ್ಕೆ ಬರೀ 10. ಬಂದದ್ದರಲ್ಲೂ ಶೇ 60 ಕುಡಿಯುವ ನೀರಿಗೆ, ನೈರ್ಮಲ್ಯಕ್ಕೆ ಕಟ್ಟಿಟ್ಟ ಹಣ. ನೀರು ಬೇಡ ಎಂದು ಯಾರೂ ಹೇಳುವುದಿಲ್ಲ. ಆದರೆ ಊರಿಗೆ ಮೊದಲು ಏನು ಬೇಕು ಎಂಬುದು ಊರಿಗೇ ಗೊತ್ತು. ಗುಡ್ಡಕ್ಕೊಂದು ಮನೆ, ಕಣಿವೆಗೊಂದು ಕೇರಿ ಇರುವ ಸೀಮೆಯಲ್ಲಿ ತಲೆ ಕಡಿಮೆ, ದಾರಿ ಉದ್ದ. ಆಚೆ ದಡದಲ್ಲಿ ಮನೆ ಕಡಿಮೆ ಎಂದು ಹಳ್ಳದ ಅಗಲ ಕಿರಿದಾಗುವುದಿಲ್ಲ.

ಇದು ಹೊಸ ಸತ್ಯವೂ ಅಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆ ಬಯಲುಸೀಮೆಯಲ್ಲಿ ಐದರಿಂದ ಏಳು ಸಾವಿರ ಜನರಿಗೊಂದು ಗ್ರಾಮ ಪಂಚಾಯಿತಿ ಎಂದು ಹೇಳಿ, ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ, ಕೊಡಗಿನಂಥ ಜಿಲ್ಲೆಗಳಿಗೆ 2,500 ಜನ ಸಾಕು ಎಂದಿತು. ಮಲೆನಾಡಿನ ಜನ ಚದುರಿ ಬದುಕುತ್ತಾರೆಂದು ಕಾಯ್ದೆ ಬರೆದವರಿಗೆ ತಿಳಿದಿತ್ತು. ಹಣ ಹಂಚುವವರಿಗೆ ಇನ್ನೂ ತಿಳಿದಿಲ್ಲ.

ಕೆಲಸ ಕಷ್ಟದ್ದೂ ಅಲ್ಲ. ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದಾಗ ಊರವರೇ ಕೈಜೋಡಿಸಿದರು. ಆಮೇಲೆ ಅವರು ಕಟ್ಟಿದ್ದು ನೂರಕ್ಕೂ ಹೆಚ್ಚು. 2017ರಲ್ಲಿ ಪದ್ಮಶ್ರೀ ಕೊಟ್ಟೆವು. ಅವರ ದಾರಿ ಹಿಡಿದು ತಾಲ್ಲೂಕಿಗೊಂದು ಕಾಲುಸಂಕದ ನಿಧಿ ಏಕೆ ಇಡಬಾರದು? ಜನಸಂಖ್ಯೆ ಕೇಳದ, ಹಳ್ಳದ ಅಗಲವನ್ನೂ ಶಾಲೆಯ ದೂರವನ್ನೂ ಮಾತ್ರ ಕೇಳುವ ನಿಧಿ.

ಕೇಳುವುದಾದರೂ ಯಾರನ್ನು? ಇಲ್ಲಿಗೆ ಬಂದರೆ ನಾನು ಜಿಲ್ಲಾ ಪರಿಷತ್ತುಗಳನ್ನು ತಂದ ಅಂದಿನ ಸಚಿವ ನಜೀರ್ ಸಾಬರನ್ನು ನೆನೆಯದೆ ಮುಂದೆ ಹೋಗಲಾರೆ. 1987ರಲ್ಲಿ ಚುನಾಯಿತವಾದ ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನವಿತ್ತು, ಅವರ ಕೈಕೆಳಗೆ ಐಎಎಸ್ ಅಧಿಕಾರಿ ದುಡಿಯುತ್ತಿದ್ದರು. ಜಿಲ್ಲೆಯ ಹಣಕ್ಕೆ ಜಿಲ್ಲೆಯಲ್ಲೇ ಉತ್ತರ ಹೇಳುವವರಿದ್ದರು. ಅಂಥ ನಾಡಿನಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಚುನಾವಣೆಯನ್ನು ವರ್ಷದಿಂದ ವರ್ಷಕ್ಕೆ ತಳ್ಳಿದರು. ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂದು ಕಾರಣ ಕೊಟ್ಟರು. ಚುನಾಯಿತ ಸಂಸ್ಥೆ ಇಲ್ಲದಿದ್ದರೆ ಅದರ ಪಾಲಿನ ಅನುದಾನವಿಲ್ಲ ಎಂಬ ಹಣಕಾಸು ಆಯೋಗದ ಷರತ್ತು ಗೊತ್ತಿದ್ದೂ ತಳ್ಳಿದರು. ಬಿಜೆಪಿಯೂ ತಳ್ಳಿತು, ಕಾಂಗ್ರೆಸ್ಸೂ ತಳ್ಳಿತು.

ಇದರಲ್ಲಿ ಪಕ್ಷಭೇದವಿಲ್ಲದೆ ಲಾಭ ಪಡೆದವರು ಶಾಸಕರು. ಹಳ್ಳಿಗೆ ಹಣ ಹಕ್ಕಾಗಿ ನೇರ ಬಂದುಬಿಟ್ಟರೆ ಗುದ್ದಲಿ ಪೂಜೆಗೆ ಅವರನ್ನು ಕಾಯಬೇಕಾಗಿಲ್ಲ, ಅದಕ್ಕೇ ಅವರಿಗೆ ಈ ಚುನಾವಣೆ ಬೇಡ.