ಬಡವರ ಬೀಡಿ ಮೇಲೆ ಸರ್ಕಾರಕ್ಕೆ ಯಾಕಿಷ್ಟು ಕರುಣೆ?

ಸ್ವಲ್ಪ ಉದ್ದ ಬರೀತಿದ್ದೀನಿ, ಪುರುಸೊತ್ತು ಮಾಡ್ಕೊಂಡು ಓದಿ.

2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಕೌನ್ಸಿಲ್ ಸಭೆ ಸೇರಿ ಸಿಗರೇಟು, ಗುಟ್ಕಾಗೆ ಶೇ 40 ತೆರಿಗೆ ಅಂತ ತೀರ್ಮಾನ ಮಾಡ್ತು. ಅದೇ ಸಭೆಯಲ್ಲಿ ಬೀಡಿ ತೆರಿಗೆಯನ್ನು ಶೇ 28ರಿಂದ 18ಕ್ಕೆ ಇಳಿಸೋದು, ಬೀಡಿ ಎಲೆಗೆ 18 ಇದ್ದದ್ದನ್ನು 5 ಮಾಡೋದು ಅಂತಾನೂ ಆಯ್ತು. ನಮ್ಮ ಗೆಳೆಯರಲ್ಲೇ ಕೆಲವರು "ಬಡವರಿಗೆ ಅನುಕೂಲ ಆಯ್ತಲ್ಲ ಬಿಡಣ್ಣ" ಅಂದ್ರು. ಆ ಮಾತಿಗೇ ಈ ಪೋಸ್ಟ್.

ಇದೇ ಕೌನ್ಸಿಲ್ 2022ರಲ್ಲಿ ಪ್ಯಾಕೆಟ್ ಮಾಡಿ ಲೇಬಲ್ ಅಂಟಿಸಿದ ಅಕ್ಕಿಗೆ, ಮೊಸರಿಗೆ ಶೇ 5 ತೆರಿಗೆ ಹಾಕ್ತು. ಆಗ ಬಡವರು ನೆನಪಾಗಲಿಲ್ಲ. ಉಣ್ಣೋ ಅನ್ನದ ಮೇಲೆ ಬರದ ಕರುಣೆ ಎದೆ ಸುಡೋ ಹೊಗೆ ಮೇಲೆ ಬಂತು ಅಂದ್ರೆ, ಅದು ಯಾರ ಮೇಲಿನ ಕರುಣೆ ಅಂತ ಕೇಳಬೇಕಲ್ವಾ?

ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ ತಂಬಾಕು ಪ್ರಪಂಚದಲ್ಲಿ ವರ್ಷಕ್ಕೆ 70 ಲಕ್ಷಕ್ಕೂ ಹೆಚ್ಚು ಜನರನ್ನ ಕೊಲ್ತಿದೆ. ಅದರಲ್ಲಿ 10 ಲಕ್ಷಕ್ಕಿಂತ ಹೆಚ್ಚು ಜನ ಸೇದಿದವರಲ್ಲ, ಸೇದೋರ ಪಕ್ಕ ಇದ್ದೋರು. ತಂಬಾಕು ಬಳಸೋರಲ್ಲಿ ಶೇ 80ರಷ್ಟು ಜನ ಇರೋದು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ನಮ್ಮ ದೇಶದಲ್ಲಿ ಸಾಯೋರು ವರ್ಷಕ್ಕೆ ಸುಮಾರು 13 ಲಕ್ಷ. ಶ್ರೀಮಂತ ದೇಶಗಳಲ್ಲಿ ಸೇದೋರು ಕಮ್ಮಿ ಆಗ್ತಾ ಬಂದ ಹಾಗೆ ಕಂಪನಿಗಳು ನಮ್ಮಂಥ ದೇಶಗಳ ಕಡೆ ಮುಖ ತಿರುಗಿಸಿವೆ. ಇಲ್ಲೂ ಅಷ್ಟೇ, ಓದಿದೋರು, ಸ್ಥಿತಿವಂತರು ಬಿಡ್ತಾ ಹೋದ್ರೆ ಕೊನೆಗೆ ಉಳಿಯೋರು ಯಾರು? ನಾವೇ.

2016-17ರ ಜಿಎಟಿಎಸ್ ಸರ್ವೆ ನೋಡಿ. ಈ ದೇಶದ ವಯಸ್ಕರಲ್ಲಿ ಸಿಗರೇಟು ಸೇದೋರು ಶೇ 4, ಬೀಡಿ ಸೇದೋರು ಶೇ 7.7. ಹತ್ತಿರ ಹತ್ತಿರ ಎರಡು ಪಟ್ಟು. ಬೀಡಿಲಿ ತಂಬಾಕು ಕಮ್ಮಿ, ಎಲೆ ಬೇರೆ, ಹಾಗಾಗಿ ಅಷ್ಟೇನೂ ಕೆಟ್ಟದ್ದಲ್ಲ ಅನ್ನೋ ನಂಬಿಕೆ ಹಳ್ಳಿಗಳಲ್ಲಿ ಇನ್ನೂ ಇದೆ. ಶುದ್ಧ ಸುಳ್ಳು. ಬೀಡಿ ಆರಿಹೋಗ್ತಾ ಇರುತ್ತೆ, ಅದಕ್ಕೆ ಮತ್ತೆ ಮತ್ತೆ ಜೋರಾಗಿ ಎಳೀಬೇಕು. ಒಳಗೆ ಹೋಗೋ ನಿಕೋಟಿನ್, ಟಾರು ಸಿಗರೇಟಿಗಿಂತ ಏನೂ ಕಮ್ಮಿ ಇರಲ್ಲ. ಪ್ರಪಂಚದ ಟಿಬಿ ರೋಗಿಗಳಲ್ಲಿ ಕಾಲು ಭಾಗ ಇರೋದು ನಮ್ಮ ದೇಶದಲ್ಲಿ, ಹೊಗೆ ಸೇದೋರಿಗೆ ಟಿಬಿ ಬರೋ ಸಾಧ್ಯತೆ ಎರಡು ಪಟ್ಟು. ಹೊಟ್ಟೆಗೆ ಸರಿಯಾಗಿ ಇಲ್ಲದೋನು, ಒಂದೇ ರೂಮಿನ ಮನೆ, ಅಲ್ಲೇ ಹೆಂಡ್ತಿ ಮಕ್ಕಳು. ಮುಂದಿಂದು ನಾನು ಹೇಳಬೇಕಾ?

ನಮ್ಮ ದೊಡ್ಡಪ್ಪ ಪೌರಕಾರ್ಮಿಕರಾಗಿದ್ರು. ಒಳಚರಂಡಿ ಗುಂಡಿ ಮುಚ್ಚಳ ತೆಗೆಯೋ ಮೊದಲು ಒಂದು ಬೀಡಿ, ಕೆಲಸ ಮುಗಿಸಿ ಮೇಲೆ ಬಂದ ಮೇಲೆ ಇನ್ನೊಂದು. "ಬೀಡಿ ಇಲ್ದೆ ಆ ನಾತದಲ್ಲಿ ನಿಂತ್ಕೊಳ್ಳೋಕಾಗಲ್ಲ ಕಣ್ಲಾ ಮಗ" ಅಂತಿದ್ರು. ಕೈಗವಸು, ಮಾಸ್ಕು ಕೊಡಬೇಕಾದೋರು ಕೊಡಲಿಲ್ಲ, ಆ ಜಾಗಕ್ಕೆ ಬೀಡಿ ಬಂತು. ಇದನ್ನ ಚಟ ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸೋರ ಮೇಲೆ ನನಗೆ ಸಿಟ್ಟಿದೆ. ಆಫೀಸಲ್ಲಿ ಟೀ ಕುಡೀತಾ "ನಿಮ್ಮೋರಿಗೆ ಎಷ್ಟು ಸವಲತ್ತು ಕೊಟ್ರೂ ಬೀಡಿ, ಸಾರಾಯಿಗೇ ಹೋಗುತ್ತೆ" ಅನ್ನೋ ಸಹೋದ್ಯೋಗಿಗಳನ್ನ ಇಪ್ಪತ್ತು ವರ್ಷದಿಂದ ಕೇಳ್ತಿದ್ದೀನಿ. ಅವರ ಮಗ ಬೆಂಗಳೂರಲ್ಲಿ ಸೇದೋ ಸಿಗರೇಟು ಮಾತ್ರ ಸ್ಟ್ರೆಸ್ಸು!

ಕಾನೂನೂ ಹೀಗೇ ಮಾತಾಡುತ್ತೆ. 2003ರ ಕೋಟ್ಪಾ ಕಾಯ್ದೆಯಲ್ಲಿ ವಿಮಾನ ನಿಲ್ದಾಣ, 30 ರೂಮಿನ ಹೋಟೆಲ್ಲಿಗೆ ಸೇದೋಕೆ ಪ್ರತ್ಯೇಕ ಜಾಗಕ್ಕೆ ಅವಕಾಶ ಇದೆ. ಬಸ್ ಸ್ಟ್ಯಾಂಡಲ್ಲಿ ಸೇದೋ ಹಮಾಲಿಗೆ ದಂಡ. ನಮ್ಮ ರಾಜ್ಯದ ತಿದ್ದುಪಡಿಯಲ್ಲಿ ಆ ದಂಡ 200ರಿಂದ 1000 ರೂಪಾಯಿ ಆಗಿದೆ. ಸಾರ್ವಜನಿಕ ಜಾಗದಲ್ಲಿ ಹೊಗೆ ಬೇಡ ಅನ್ನೋದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಆದ್ರೆ ದಂಡ ಕಟ್ಟೋನು ಮಾತ್ರ ಯಾಕೆ ನಮ್ಮೋನು? ಎಲ್‌ಐಸಿ ಅನ್ನೋ ಸರ್ಕಾರಿ ಸಂಸ್ಥೆ ಜನರ ಜೀವಕ್ಕೆ ವಿಮೆ ಮಾರುತ್ತೆ, ಅದೇ ಎಲ್‌ಐಸಿ ಕೈಲಿ ಸಿಗರೇಟು ಮಾಡೋ ಐಟಿಸಿಯ ಸುಮಾರು ಶೇ 15 ಷೇರು ಇದೆ. ಇದಕ್ಕೆ ದಂಡ ಹಾಕೋರು ಯಾರು?

ಪ್ಯಾಕಿನ ಮೇಲೆ ಶೇ 85 ಜಾಗದಲ್ಲಿ ಎಚ್ಚರಿಕೆ ಚಿತ್ರ ಅನ್ನೋ ನಿಯಮ 2016ರಲ್ಲಿ ಬಂದಾಗ ಕಂಪನಿಗಳು ಕೋರ್ಟಿಗೆ ಹೋದ್ವು. 2017ರ ಡಿಸೆಂಬರಲ್ಲಿ ನಮ್ಮ ಹೈಕೋರ್ಟು ನಿಯಮ ರದ್ದು ಮಾಡ್ತು, ಮುಂದಿನ ತಿಂಗಳೇ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಡ್ತು. ಒಂದು ಚಿತ್ರಕ್ಕೆ ಇಷ್ಟು ಭಯ ಅಂದ್ರೆ ಆ ಚಿತ್ರ ಕೆಲಸ ಮಾಡುತ್ತೆ ಅಂತ ಅವರಿಗೆ ಗೊತ್ತಿದೆ. ಬೀಡಿ ಕಟ್ಟಿನ ತೆಳ್ಳನೆ ಕಾಗದದ ಮೇಲೆ ಮಸುಕಾಗಿ ಒತ್ತಿದ ಚಿತ್ರ ಯಾರಿಗೆ ಕಾಣುತ್ತೆ ಹೇಳಿ.

ಬೀಡಿ ಕಟ್ಟೋ ಹೆಣ್ಣುಮಕ್ಕಳ ಗತಿ ಏನು ಅಂತ ಕೇಳ್ತೀರಿ. ಕೇಳಲೇಬೇಕು. ಮಂಗಳೂರು ಸೀಮೆಯಿಂದ ತುಮಕೂರು, ದಾವಣಗೆರೆವರೆಗೆ ಮುಸ್ಲಿಂ, ದಲಿತ, ಹಿಂದುಳಿದ ಹೆಂಗಸರು ಮೊರ ತೊಡೆ ಮೇಲಿಟ್ಕೊಂಡು ತಂಬಾಕಿನ ಧೂಳು ಕುಡೀತಾ ಸಾವಿರ ಬೀಡಿಗೆ ಇಷ್ಟು ಅಂತ ದುಡೀತಾರೆ. ಸರಿಯಿಲ್ಲ ಅಂತ ತೆಗೆದುಹಾಕಿದ ಬೀಡಿಗೆ ಕೂಲಿ ಇಲ್ಲ. 1966ರಲ್ಲೇ ಬೀಡಿ ಕಾರ್ಮಿಕರ ಕಾಯ್ದೆ ಬಂತು, 1976ರಲ್ಲಿ ಕಲ್ಯಾಣ ನಿಧಿ ಬಂತು, ಇವತ್ತಿಗೂ ಎಷ್ಟೋ ಜನಕ್ಕೆ ಗುರುತಿನ ಚೀಟಿನೇ ಇಲ್ಲ. ತೆರಿಗೆ ಹತ್ತು ಪರ್ಸೆಂಟ್ ಇಳಿದ್ರೆ ಆ ಹತ್ತು ಇವರ ಕೈಗೆ ಬರುತ್ತೆ ಅಂತ ನಂಬ್ತೀರಾ? ನಾನಂತೂ ನಂಬಲ್ಲ. ತೆರಿಗೆ ಏರಿಸಿ, ಆ ದುಡ್ಡಲ್ಲೇ ಇವರಿಗೆ ಬೇರೆ ಕೆಲಸ, ಪಿಂಚಣಿ ಕೊಡಿ ಅಂತ ಕೇಳೋದು ನಮ್ಮ ಬೇಡಿಕೆ ಆಗಬೇಕು.

"ಹೆಂಡ ಬೇಡ, ವಸತಿ ಶಾಲೆ ಬೇಕು" ಅಂತ ದಸಂಸ ಬೀದಿಗಿಳಿದಿದ್ದು ಹಿರಿಯರಿಗೆ ನೆನಪಿದೆ. ಬೀಡಿ ವಿಷಯ ಮಾತ್ರ ನಮ್ಮ ಅಜೆಂಡಾದಲ್ಲಿ ಎಂದೂ ಮೇಲೆ ಬರಲಿಲ್ಲ. ಸಭೆಗಳಲ್ಲೇ ಕಟ್ಟುಗಟ್ಟಲೆ ಖಾಲಿ ಆಗ್ತಿದ್ವು, ಅದೂ ಒಂದು ಕಾರಣ ಇರಬಹುದು.

ಈ ಸಲ ಏಪ್ರಿಲ್ 14ರ ಪೂರ್ವಭಾವಿ ಸಭೆಯಲ್ಲಿ ಎರಡು ವಿಷಯ ಇಡ್ತೀನಿ. ಪೌರಕಾರ್ಮಿಕರ ಆರೋಗ್ಯ ತಪಾಸಣೆ ಜೊತೆಗೆ ಬೀಡಿ ಬಿಡಿಸೋ ಸಲಹೆ, ಔಷಧಿ ಅಲ್ಲೇ ಸಿಗಬೇಕು ಅನ್ನೋ ಮನವಿ. ನಮ್ಮ ಪೆಂಡಾಲ್ ಒಳಗೆ ಸೇದಬಾರದು ಅನ್ನೋ ತೀರ್ಮಾನ. ಬಿಡಬೇಕು ಅನ್ನೋರಿಗೆ ಸರ್ಕಾರದ ಉಚಿತ ನಂಬರ್ ಇದೆ, 1800-11-2356, ಪ್ಯಾಕಿನ ಮೇಲೂ ಹಾಕಿರ್ತಾರೆ. ನಮ್ಮ ಕೇರಿ ಹುಡುಗರಿಗೆ ಓದಿ ಹೇಳಿ. ಬೈಯೋರು ಕಾಮೆಂಟಲ್ಲಿ ಬೈಯಿರಿ, ಸಂಜೆ ಆಫೀಸ್ ಮುಗಿದ ಮೇಲೆ ಉತ್ತರ ಕೊಡ್ತೀನಿ.