ಆಡುಮಾತು ಅಶುದ್ಧವೇ?

ನಮ್ಮ ಸೀಮೆಯ ವಿದ್ಯಾವಂತರಲ್ಲಿ ಒಂದು ವಿಚಿತ್ರ ರೋಗ ನೆಲೆಯೂರಿ ಬಹುಕಾಲವಾಯಿತು. ತೋಟದ ಬದುವಿನ ಮೇಲೆ ನಿಂತಾಗ 'ಕೆಲಸ ಐತೆ' ಎನ್ನುವ ನಾಲಗೆ, ಧ್ವನಿವರ್ಧಕದ ಮುಂದೆ ಬಂದೊಡನೆ 'ಕೆಲಸ ಇದೆ' ಎಂದು ತಿದ್ದಿಕೊಳ್ಳುತ್ತದೆ. ತಿದ್ದಿಕೊಳ್ಳುವುದು ತಪ್ಪಲ್ಲ, ಸಭೆಗೆ ಸಭೆಯ ಮಾತು, ಬರಹಕ್ಕೆ ಬರಹದ ಮಾತು ಇರಬೇಕಾದದ್ದೇ. ಈ ಲೇಖನವನ್ನೂ ನಾನು ಆಡುಮಾತಿನಲ್ಲಿ ಬರೆದಿಲ್ಲ. ಆದರೆ ತಿದ್ದಿಕೊಳ್ಳುವಾಗ ಮುಖದ ಮೇಲೆ ಮೂಡುವ ನಾಚಿಕೆಯುಂಟಲ್ಲ, ನನ್ನ ತಕರಾರು ಅದರ ಮೇಲೆ.

ಆ ನಾಚಿಕೆ ಶಾಲೆಯಲ್ಲಿ ಕಲಿಸಿದ್ದು. ಬಾಲ್ಯದಲ್ಲಿ ನಾನು ಪ್ರಬಂಧವೊಂದರಲ್ಲಿ 'ಅವ್ವ ಮುದ್ದೆ ಇಕ್ಕಿದಳು' ಎಂದು ಬರೆದಿದ್ದೆ. ಉಪಾಧ್ಯಾಯರು ಅದನ್ನು ತರಗತಿಗೆಲ್ಲ ಓದಿ ನಗಿಸಿ, ಕೆಂಪು ಗೆರೆಯೆಳೆದು 'ಬಡಿಸಿದಳು' ಎಂದು ತಿದ್ದಿದರು. 'ಇಕ್ಕು' ಎಂಬುದು ಹಳಗನ್ನಡ ಕಾವ್ಯಗಳಲ್ಲಿಯೂ ಶರಣರ ವಚನಗಳಲ್ಲಿಯೂ ಮರ್ಯಾದೆಯಿಂದ ಬಾಳಿದ ಮಾತೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಪಾಪ, ಅವರಿಗೂ ತಿಳಿದಿರಲಿಲ್ಲವೆಂದು ತೋರುತ್ತದೆ. ಅಂದು ಸಂಜೆ ಮನೆಗೆ ಬಂದು ನಾನು ಅವ್ವನ ಮಾತನ್ನು ತಿದ್ದಿದೆ. ಆಕೆ ಏನೂ ಅನ್ನಲಿಲ್ಲ. ನನ್ನ ಗೆಳೆಯರು ಮನೆಗೆ ಬಂದಾಗ ಮಾತ್ರ ಮಾತು ಕಡಿಮೆ ಮಾಡಿದಳು.

'ಗ್ರಾಮ್ಯ'ವೆಂದು ಹೀಯಾಳಿಸುವವರು ಶಾಸ್ತ್ರದ ಹೆಸರು ಹೇಳುತ್ತಾರೆ. ಆಗಲಿ, ಶಾಸ್ತ್ರವನ್ನೇ ನೋಡೋಣ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ಕನ್ನಡದ ತಿರುಳೆಂದು ಗುರುತಿಸಿದ್ದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡನ್ನು. ಎಂದರೆ ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರಗಳ ಸೀಮೆಯನ್ನು. ಆ ಲೆಕ್ಕಕ್ಕೆ ಚಿತ್ರದುರ್ಗವೂ ಹೊರಗೆ, ಮೈಸೂರು ಬೆಂಗಳೂರುಗಳೂ ಹೊರಗೆ. ಆದರೂ ಇಂದಿನ ಪಠ್ಯಪುಸ್ತಕದ ಕನ್ನಡ ಬಹುಮಟ್ಟಿಗೆ ಬೆಳೆದದ್ದು ಆ ದಕ್ಷಿಣದ ನಗರಗಳ ಓದುಬಲ್ಲವರ ರೂಢಿಯಿಂದ. ದೇಸಿಗಳು ಬೇರೆ ಬೇರೆಯಾದುದರಿಂದ ಅವುಗಳ ದೋಷವೆಣಿಸಲು ಹೊರಟರೆ ವಾಸುಕಿಗೂ ಬೇಸರವಾದೀತೆಂದು ಅದೇ ಗ್ರಂಥ ಹೇಳಿದೆ. ವಾಸುಕಿ ಬೇಸತ್ತ ಕೆಲಸಕ್ಕೆ ನಮ್ಮ ಕೆಂಪು ಶಾಯಿ ಹೊರಟಿದೆ! 1894ರಲ್ಲಿ ಪ್ರಕಟವಾದ ಕಿಟ್ಟೆಲ್ಲರ ನಿಘಂಟಾದರೋ ಇದು ಮೈಸೂರಿನ ಮಾತು, ಇದು ದಕ್ಷಿಣ ಮಹಾರಾಷ್ಟ್ರ ಸೀಮೆಯ ಮಾತು ಎಂದು ಗುರುತು ಹಾಕಿ ಆಡುನುಡಿಯನ್ನೂ ಒಳಗೆ ಕರೆದುಕೊಂಡಿತು.

ಪುಸ್ತಕದ ಮಾತು ಸಾಕು. ಭೀಮಸಮುದ್ರದ ಅಡಿಕೆ ಮಂಡಿಗೆ ಬನ್ನಿ. ಇಲ್ಲಿ 'ಅಡಿಕೆ' ಎಂಬ ಒಂದು ಮಾತು ಸಾಲದು. ಅಪಿ, ರಾಶಿ, ಬೆಟ್ಟೆ, ಕೆಂಪುಗೋಟು ಎಂದು ಬಿಡಿಸಿ ಹೇಳದೆ ಧಾರಣೆ ಹುಟ್ಟುವುದಿಲ್ಲ. ಶಿವಮೊಗ್ಗೆಗೆ ಹೋದರೆ ಸರಕು, ಗೊರಬಲು ಎಂಬ ಹೆಸರುಗಳು ಎದುರಾಗುತ್ತವೆ. ಘಟ್ಟ ಇಳಿದು ಮಂಗಳೂರು ಸೇರಿದರೆ ಚಾಲಿ, ಪಟೋರ, ಕೋಕ. ಇದು ಬರಿಯ ಬಾಯಿರುಚಿಯ ಭೇದವಲ್ಲ. ಕರಾವಳಿಯವರು ಹಣ್ಣಡಿಕೆಯನ್ನು ಸಿಪ್ಪೆಸಹಿತ ಬಿಸಿಲಿಗೆ ಒಣಗಿಸಿ ಆಮೇಲೆ ಸುಲಿಯುತ್ತಾರೆ. ನಮ್ಮವರು ಹಸಿಗಾಯಿಯನ್ನೇ ಕೊಯ್ದು, ಸುಲಿದು, ಹಂಡೆಯಲ್ಲಿ ಬೇಯಿಸಿ, ಚೊಗರಿನ ಕೆಂಪು ಹಿಡಿಸಿ ಒಣಗಿಸುತ್ತಾರೆ. ಕಾಯಿ ಎಷ್ಟು ಬಲಿತಿತ್ತು, ಅದಕ್ಕೆ ಏನೇನು ಸಂಸ್ಕಾರವಾಯಿತು ಎಂಬ ತಿಳಿವೆಲ್ಲ ಆ ಒಂದೊಂದು ಹೆಸರಿನಲ್ಲಿ ಅಡಗಿದೆ. ಹೆಸರು ತಪ್ಪಿದರೆ ರೈತನ ಕೈಸೇರುವ ಹಣವೇ ತಪ್ಪುತ್ತದೆ. ಇವನ್ನು ಅಶುದ್ಧವೆನ್ನುವ ಪಂಡಿತರು ಬದಲಿಗೆ ಶುದ್ಧಪದಗಳನ್ನು ಕೊಟ್ಟು ಒಂದು ದಿನ ವ್ಯಾಪಾರ ಮಾಡಿ ತೋರಿಸಲಿ.

ಇನ್ನು ಅಭಿಮಾನಿಗಳಿಗೂ ಒಂದು ಮಾತು. ಈಚೆಗೆ ಗಾಳಿ ತಿರುಗಿದೆ. ದೇವನೂರ ಮಹಾದೇವರ 'ಕುಸುಮಬಾಲೆ' ತನ್ನ ಸೀಮೆಯ ಆಡುಮಾತಿನಲ್ಲಿಯೇ 1984ರಲ್ಲಿ ಹೊರಬಂದು 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಕುಂದಾಪುರದವರು 2019ರಿಂದ ಆಷಾಢದ ಅಮಾವಾಸ್ಯೆಯಂದು ತಮ್ಮ ಕನ್ನಡದ ಹೆಸರಿನಲ್ಲಿ ದಿನಾಚರಣೆಯನ್ನೇ ಮಾಡುತ್ತಿದ್ದಾರೆ. (ನಮ್ಮಲ್ಲಿ ಹಟ್ಟಿಯೆಂದರೆ ಜನ ವಾಸಿಸುವ ಕೇರಿ, ಅವರಲ್ಲಿ ದನದ ಕೊಟ್ಟಿಗೆ. ಅಲ್ಲಿಯ ಬೀಗರನ್ನು 'ನಮ್ಮ ಹಟ್ಟಿಗೆ ಬನ್ನಿ' ಎಂದು ಕರೆಯುವವರು ಜೋಕೆ!) ಅವರನ್ನು ಕಂಡು ನಮ್ಮ ತರುಣರೂ ಎರಡು ಊರಮಾತುಗಳನ್ನು ಅಂಗಿಯ ಎದೆಗೂ ಕಾರಿನ ಹಿಂಬದಿಗೂ ಅಂಟಿಸಿಕೊಳ್ಳತೊಡಗಿದ್ದಾರೆ. ಸಂತೋಷ. ಆದರೆ ಕಪಿಲೆಯೆಂದರೇನು, ಮಿಣಿಯೆಂದರೇನು, ಕೆರೆಯ ತೂಬು ಯಾವುದು ಕೋಡಿ ಯಾವುದು ಎಂದು ಅವರನ್ನು ಕೇಳಿ ನೋಡಿ. ಉತ್ತರ ಬಲ್ಲ ತಾತ ಜಗಲಿಯ ಮೇಲೆಯೇ ಕುಳಿತಿರುತ್ತಾನೆ; ಅವನೊಡನೆ ಮಾತನಾಡಲು ಮೊಮ್ಮಗನಿಗೆ ಪುರುಸೊತ್ತಿಲ್ಲ. ನಾಚಿಕೊಂಡು ಮರೆತವನಿಗೂ ನಾಲ್ಕು ಮಾತು ಮೆರೆಸಿ ಉಳಿದದ್ದನ್ನು ಮರೆತವನಿಗೂ ನನಗೆ ಹೆಚ್ಚಿನ ಅಂತರ ಕಾಣದು.

ಮಠದ ವಿದ್ಯಾರ್ಥಿನಿಲಯಗಳಲ್ಲಿ ಓದಿದವರಿಗೆ, ಹರಿಹರದ ಕಡೆಯ 'ಐತಿ'ಯೂ ಹಿರಿಯೂರಿನ 'ಐತೆ'ಯೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡದ್ದು ನೆನಪಿರಬಹುದು. ಅವರಲ್ಲಿ ಅನೇಕರು ಇಂದು ಉಪಾಧ್ಯಾಯರಾಗಿದ್ದಾರೆ. ಬರಹದ ಕನ್ನಡವನ್ನು ಅವರು ಚೆನ್ನಾಗಿ ಕಲಿಸಲಿ. ಮಗು ಮನೆಯ ಮಾತು ಬರೆದರೆ ಪಕ್ಕದಲ್ಲಿ ಗ್ರಂಥದ ಮಾತನ್ನು ಬರೆದುಕೊಡಲಿ, ಕೆಂಪು ಗೆರೆ ಬೇಡ. ಉಳಿದವರು ಈ ಸಲದ ಅಡಿಕೆ ಕೊಯ್ಲಿಗೆ ಊರಿಗೆ ಬಂದಾಗ ಬೇಯಿಸುವ ಒಲೆಯ ಬಳಿ ಒಂದು ರಾತ್ರಿ ಕುಳಿತು, ಹಂಡೆ ನೋಡಿಕೊಳ್ಳುವ ಹಿರಿಯರ ಬಾಯಿಂದ ಬಂದ ಮಾತುಗಳನ್ನು ಬಂದ ಹಾಗೆಯೇ ಬರೆದುಕೊಳ್ಳಲಿ. ತಿದ್ದುವುದು ಬೇಡ.