ಸಮಾನತೆಯ ಪಕ್ಷ, ಮೂಲದ ಲೆಕ್ಕ

ಡೆನ್ಮಾರ್ಕಿನ ಸೋಶಿಯಲ್ ಡೆಮಾಕ್ರಟಿಕ್ ಪಕ್ಷವು 1871ರಲ್ಲಿ ಕಾರ್ಮಿಕರ ಪಕ್ಷವಾಗಿ ಜನ್ಮ ತಾಳಿತು. 1924ರಲ್ಲಿ ಅದರ ಪ್ರಥಮ ಪ್ರಧಾನಿಯಾದ ಥೋರ್ವಾಲ್ ಸ್ಟೌನಿಂಗ್ ಸ್ವತಃ ಸಿಗಾರ್ ಕಾರ್ಮಿಕರಾಗಿದ್ದವರು. ಜಗತ್ತು ಆರ್ಥಿಕ ಕುಸಿತದಿಂದ ಕಂಗೆಟ್ಟಿದ್ದ 1933ರಲ್ಲಿ ಅವರ ಸರಕಾರ ತಂದ ಸುಧಾರಣೆಗಳು, ಬಡವನಿಗೆ ಸಿಗುವ ನೆರವು ಭಿಕ್ಷೆಯಲ್ಲ, ಹಕ್ಕು ಎಂಬ ತತ್ವವನ್ನು ಕಾನೂನಾಗಿಸಿದವು. ಲಾಭದಾಸೆಯಿಲ್ಲದ ಸಾರ್ವಜನಿಕ ವಸತಿಯೂ ಈ ಚಿಂತನೆಯ ಹೆಮ್ಮೆಯ ಫಲವೇ.

ಆ ವಸತಿಗಳ ಮೇಲೆಯೇ ಇಂದು ಬುಲ್ಡೋಜರಿನ ನೆರಳು ಬಿದ್ದಿದೆ. 2018ರಲ್ಲಿ ಬಲಪಂಥೀಯ ಸರಕಾರ ತಂದ ‘ಘೆಟ್ಟೊ’ ಕಾನೂನಿಗೆ ವಿರೋಧ ಪಕ್ಷದಲ್ಲಿದ್ದ ಸೋಶಿಯಲ್ ಡೆಮಾಕ್ರಟರು ಬೆಂಬಲವಿತ್ತರು. ಅದೇ ವರ್ಷ ಮುಖಪರದೆಯ ನಿಷೇಧಕ್ಕೂ ಕೈಯೆತ್ತಿದರು. ನಿರುದ್ಯೋಗ, ಅಪರಾಧ, ಶಿಕ್ಷಣ, ಆದಾಯಗಳ ಮಾನದಂಡವನ್ನು ಯಾರೂ ಆಕ್ಷೇಪಿಸಲಾರರು. ಆದರೆ ಒಂದು ಬಡಾವಣೆಗೆ ಘೆಟ್ಟೊ ಎಂಬ ಹಣೆಪಟ್ಟಿ ಬೀಳಬೇಕಾದರೆ ಅಲ್ಲಿನ ಅರ್ಧಕ್ಕಿಂತ ಹೆಚ್ಚು ನಿವಾಸಿಗಳು ‘ಪಾಶ್ಚಾತ್ಯೇತರ’ರಾಗಿರಬೇಕು. ಡೆನ್ಮಾರ್ಕಿನಲ್ಲೇ ಹುಟ್ಟಿದ ಮಗುವೂ, ಹೆತ್ತವರು ಟರ್ಕಿಯಿಂದಲೋ ಲೆಬನಾನಿನಿಂದಲೋ ವಲಸೆ ಬಂದವರಾದರೆ, ಆ ಲೆಕ್ಕಕ್ಕೆ ಸೇರುತ್ತದೆ. ಆಸ್ಟ್ರೇಲಿಯದವನು ಮಾತ್ರ ಪಾಶ್ಚಾತ್ಯ! ಭೂಗೋಳಕ್ಕೂ ಈ ಲೆಕ್ಕಕ್ಕೂ ಸಂಬಂಧವಿಲ್ಲವೆಂಬುದು ಸ್ಪಷ್ಟ. ಪಟ್ಟಿಯಲ್ಲಿ ವರ್ಷಗಟ್ಟಲೆ ಉಳಿದ ಬಡಾವಣೆಗಳು ತಮ್ಮ ಸಾರ್ವಜನಿಕ ಕುಟುಂಬ ವಸತಿಯನ್ನು 2030ರೊಳಗೆ ಶೇ. 40ಕ್ಕೆ ಇಳಿಸಬೇಕು. ಅದಕ್ಕಾಗಿ ಮನೆಗಳನ್ನು ಮಾರಬೇಕು ಅಥವಾ ಕೆಡವಬೇಕು. 2021ರಲ್ಲಿ ಪಕ್ಷದ ನಾಯಕಿ ಮೆಟ್ಟೆ ಫ್ರೆಡರಿಕ್ಸನ್‌ರ ಸರಕಾರ ‘ಘೆಟ್ಟೊ’ ಪದವನ್ನು ಕೈಬಿಟ್ಟು ‘ಸಮಾನಾಂತರ ಸಮಾಜ’ ಎಂದಿತು. ಪದ ಬದಲಾಯಿತು, ಮೂಲದ ಲೆಕ್ಕ ಬದಲಾಗಲಿಲ್ಲ.

ಪಕ್ಷದ ವಾದವನ್ನೂ ಕೇಳೋಣ. ಕಲ್ಯಾಣ ರಾಜ್ಯವು ಪರಸ್ಪರ ನಂಬಿಕೆಯ ಮೇಲೆ ನಿಂತಿದೆ, ಅನಿಯಂತ್ರಿತ ವಲಸೆಯ ಹೊರೆ ಬಡ ಕಾರ್ಮಿಕನ ಮೇಲೆಯೇ ಬೀಳುತ್ತದೆ ಎಂದು ಅದು ಹೇಳುತ್ತದೆ. ಈ ವಾದ ಪೂರ್ತಿ ಟೊಳ್ಳಲ್ಲ. 2023ರ ಡಿಸೆಂಬರಿನಲ್ಲಿ, ಬಲಪಂಥೀಯರ ಪ್ರತಿರೋಧವನ್ನು ಲೆಕ್ಕಿಸದೆ ಪವಿತ್ರ ಕುರ್‌ಆನನ್ನು ಸಾರ್ವಜನಿಕವಾಗಿ ಸುಡುವುದನ್ನು ನಿಷೇಧಿಸಿದ್ದು ಫ್ರೆಡರಿಕ್ಸನ್‌ರ ಸರಕಾರವೇ ಎಂಬುದನ್ನೂ ಮರೆಯಬಾರದು. ಆದರೆ ವಲಸೆಯನ್ನು ಗಡಿಯಲ್ಲಿ ನಿಯಂತ್ರಿಸುವುದು ಬೇರೆ, ಈಗಾಗಲೇ ನಾಗರಿಕನಾಗಿರುವವನ ನೆರೆಹೊರೆಯನ್ನು ಹೆತ್ತವರ ಊರು ನೋಡಿ ಒಡೆಯುವುದು ಬೇರೆ.

ರಾಜಕೀಯವಾಗಿಯಾದರೂ ಗಳಿಸಿದ್ದೇನು? 2019ರ ಚುನಾವಣೆಯಲ್ಲಿ ವಲಸೆ ವಿರೋಧಿ ಡ್ಯಾನಿಶ್ ಪೀಪಲ್ಸ್ ಪಾರ್ಟಿಯು ಶೇ. 21ರಿಂದ ಶೇ. 9ಕ್ಕಿಂತ ಕೆಳಗಿಳಿಯಿತು, ನಿಜ. ಆದರೆ ಅಧಿಕಾರಕ್ಕೇರಿದ ಸೋಶಿಯಲ್ ಡೆಮಾಕ್ರಟರ ಸ್ವಂತ ಮತ ಶೇ. 26.3ರಿಂದ 25.9ಕ್ಕೆ ಕುಸಿದಿತ್ತು. 2025ರ ನವೆಂಬರಿನ ಸ್ಥಳೀಯ ಚುನಾವಣೆಯಲ್ಲಿ, ನೂರಕ್ಕೂ ಹೆಚ್ಚು ವರ್ಷಗಳಿಂದ ತನ್ನದಾಗಿದ್ದ ಕೋಪನ್‌ಹೇಗನ್ ನಗರವನ್ನು ಪಕ್ಷ ಕಳೆದುಕೊಂಡಿತು. ಅದೂ ಬಲಪಂಥೀಯರಿಗಲ್ಲ, ಎಡಪಂಥೀಯರಿಗೆ.

ಮರುತಿಂಗಳು ಯುರೋಪಿಯನ್ ಒಕ್ಕೂಟದ ನ್ಯಾಯಾಲಯವು, ಈ ವಸತಿ ಕಾನೂನು ಜನಾಂಗೀಯ ತಾರತಮ್ಯವಾಗಿರಬಹುದು ಎಂದು ಹೇಳಿ ಅಂತಿಮ ನಿರ್ಣಯವನ್ನು ಡೆನ್ಮಾರ್ಕಿನ ನ್ಯಾಯಾಲಯಕ್ಕೇ ಬಿಟ್ಟಿತು. ಮೊಕದ್ದಮೆ ಹೂಡಿದವರಲ್ಲಿ ಕೋಪನ್‌ಹೇಗನ್‌ನ ಮ್ಯೋಲ್ನರ್‌ಪಾರ್ಕನ್ ಬಡಾವಣೆಯ ಬಾಡಿಗೆದಾರರೂ ಇದ್ದರು.